ಸಂಬಳ ತೆಲಂಗಾಣ, ನಿದ್ದೆ ಕರ್ನಾಟಕ

ನಮ್ಮ ಸೋದರತ್ತೆಗೆ ಒಂದು ಸುತ್ತು ಕಮ್ಮಿ ಎಂದರೆ ನೀವು ನನ್ನನ್ನೇ ಬೈದೀರಿ. ಆದರೆ ‘ನನ್ನ ಕಡೆಯಿಂದ ತೆರಿಗೆ ತಗೊಳ್ರಿ’ ಎಂದು ಸರ್ಕಾರದ ಜೊತೆ ಜಗಳಕ್ಕೆ ನಿಂತವರನ್ನು ನೀವೆಲ್ಲಾದರೂ ಕಂಡಿದ್ದೀರಾ? ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ!

ಅತ್ತೆ ನರ್ಸು. ಮನೆ ಬೀದರಿನಲ್ಲಿ, ಕೆಲಸ ಗಡಿಯಾಚೆ ಜಹೀರಾಬಾದಿನ ಖಾಸಗಿ ಆಸ್ಪತ್ರೆಯಲ್ಲಿ. ಬೆಳಗಿನ ಬಸ್ಸಿಗೆ ತೆಲಂಗಾಣ, ಸಂಜೆಯ ಬಸ್ಸಿಗೆ ಕರ್ನಾಟಕ. ನಮ್ಮ ಮೆಥೋಡಿಸ್ಟ್ ಮನೆಗಳಲ್ಲಿ ಸಂಬಳದ ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು, ಚರ್ಚಿಗೆ ಕೊಡುವುದು ವಾಡಿಕೆ. ಅತ್ತೆ ಒಂದು ತಿಂಗಳು ಬೀದರಿನ ಚರ್ಚಿಗೆ ಕೊಟ್ಟರೆ ಮರುತಿಂಗಳು ಜಹೀರಾಬಾದಿನ ಚರ್ಚಿಗೆ! ಯಾಕೆಂದು ಕೇಳಿದರೆ, “ದುಡಿಯೂದು ಅಲ್ಲಿ, ಮಲಗೂದು ಇಲ್ಲಿ. ದೇವರಿಗೂ ಹಿಸಾಬ್ ಬರ್ತದಪಾ” ಎನ್ನುತ್ತಾರೆ. ಎರಡೂ ಕಡೆಯ ಪಾಸ್ಟರುಗಳು ತಮ್ಮ ತಿಂಗಳು ಯಾವುದೆಂದು ಈಗ ನೆನಪಿಟ್ಟುಕೊಂಡಿದ್ದಾರೆ.

ಹೀಗಿರುವಾಗ, ಸಂಬಳದಲ್ಲಿ ಹಿಡಿಯುವ ವೃತ್ತಿ ತೆರಿಗೆ ಪೂರ್ತಿ ತೆಲಂಗಾಣಕ್ಕೇ ಹೋಗುತ್ತದೆಂದು ಯಾರೋ ಹೇಳಿಬಿಟ್ಟರು. ಕರ್ನಾಟಕಕ್ಕೆ? ಏನೂ ಇಲ್ಲ! ಅತ್ತೆಗೆ ಅನ್ನ ಸೇರಲಿಲ್ಲ. ಅದಕ್ಕೆ ಕಾರಣ ನಾನು. ನನ್ನ ಎರಡೂ ಕಿಡ್ನಿಗಳು ಹೇಳದೆ ಕೇಳದೆ ನೌಕರಿ ಬಿಟ್ಟಿವೆ. ವಾರಕ್ಕೆರಡು ಸಲ ಬೀದರಿನ ಸರ್ಕಾರಿ ಆಸ್ಪತ್ರೆಯಲ್ಲಿ, ಕರ್ನಾಟಕದ ಖರ್ಚಿನಲ್ಲಿ, ಪುಕ್ಕಟೆಯಾಗಿ ಡಯಾಲಿಸಿಸ್ ಆಗುತ್ತದೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಯಂತ್ರದಿಂದ ಬಿಡಿಸಿಕೊಂಡು ಬಂದ ದಿನ ನನಗೆ ಎದ್ದು ನೀರು ಕುಡಿಯಲೂ ಆಗದು. ಸಂಜೆಯ ಬಸ್ಸಿಳಿದು ಬರುವ ಅತ್ತೆಯೇ ದಿಕ್ಕು.

ಮರುದಿನವೇ ಅತ್ತೆ ಬೀದರಿನ ತೆರಿಗೆ ಕಚೇರಿಗೆ ನಡೆದರು. ಹಿಂದೆ ನಾನು.

“ಸಿಸ್ಟರ್, ಕೆಲಸ ಎಲ್ಲಿ ಮಾಡ್ತೀರಿ, ಈ ತೆರಿಗಿ ಅಲ್ಲೇ ಕಟ್ಟೂದ್ರಿ. ಇಲ್ಲಿ ನಿಮ್ಮದೇನೂ ಬಾಕಿ ಇಲ್ರಿ” ಎಂದರು ಅಧಿಕಾರಿ, ಸಿಹಿಸುದ್ದಿ ಕೊಟ್ಟ ಖುಷಿಯಲ್ಲಿ.

ಅತ್ತೆಯ ಮುಖ ಕೆಂಪಾಯಿತು. “ಅಂದ್ರ ನಾ ಇಲ್ಲಿ ಪುಕಟ್ ಇದ್ದೇನಂತೀರೇನ್ರಿ?”

ಪಾಪ, ಅಧಿಕಾರಿ ಚಹಾ ತರಿಸಿದರು. ಅತ್ತೆ ಮುಟ್ಟಲಿಲ್ಲ. ಅದೂ ಸರ್ಕಾರದ ಖರ್ಚಿನದಾಗಿದ್ದರೆ!

ರಜೆಯ ದಿನ ನನ್ನನ್ನು ರೈಲು ಹತ್ತಿಸಿ ಭಾಲ್ಕಿಗೆ ಒಯ್ದರು. ಅಲ್ಲಿ ನಮ್ಮಪ್ಪನ ಗೆಳೆಯರೊಬ್ಬರು ತೆರಿಗೆ ವಕೀಲರು. ಎಲ್ಲ ಕೇಳಿ ಅವರು ಕನ್ನಡಕ ತೆಗೆದಿಟ್ಟರು.

“ಅಕ್ಕಾರ, ಮಂದಿ ತೆರಿಗಿ ಕಮ್ಮಿ ಮಾಡ್ರಿ ಅಂತ ಬರ್ತಾರ. ಎರಡೂ ಕಡಿ ಹಚ್ರಿ ಅಂತ ಬಂದವ್ರು ನೀವೊಬ್ಬರೇ ನೋಡ್ರಿ!”

ಜಹೀರಾಬಾದಿನ ಆಸ್ಪತ್ರೆಯವರು ಅತ್ತೆಗೆ ಕ್ವಾರ್ಟರ್ಸ್ ಕೊಡುತ್ತೇವೆಂದಿರುವ ಸಂಗತಿಯೂ ಮಾತಿನ ನಡುವೆ ಬಂತು. ವಕೀಲರು ಅದನ್ನೇ ಹಿಡಿದರು. “ಅಲ್ಲೇ ಹೋಗಿ ಇದ್ದಬಿಡ್ರಲ್ಲ. ಎಲ್ಲಾ ಒಂದೇ ರಾಜ್ಯದಾಗ ಆಗ್ತದ. ನಿಮ್ಮ ಮನಸ್ಸೂ ಹಗುರ.”

ಅತ್ತೆ “ಹೂಂ” ಎಂದರು. ವಕೀಲರು ಹೇಳಿದ್ದರಲ್ಲಿ ತಪ್ಪೇನಿತ್ತು? ದಿನಾ ಬಸ್ಸಿನಲ್ಲಿ ಕುಲುಕಿ ಅತ್ತೆಯ ಸೊಂಟ ಹೋಗಿತ್ತು. ನಾನು ಜೊತೆಗೆ ಹೋಗೋಣವೆಂದರೆ ಡಯಾಲಿಸಿಸ್ ಸರದಿ ಬೀದರಿನಲ್ಲಿ. ಬಿಟ್ಟರೆ ಬೇರೆ ಕಡೆ ಸಿಗುವ ಭರವಸೆಯಿಲ್ಲ. ಹೋಗಬೇಡಿ ಎನ್ನಲು ನಾಲಿಗೆ ಏಳಲಿಲ್ಲ.

ಮುಂದಿನ ವಾರ ವಾರ್ಡಿನಲ್ಲಿ ಮಲಗಿದ್ದೆ. ಪಕ್ಕದ ಹಾಸಿಗೆಯಲ್ಲಿ ಔರಾದಿನಿಂದ ಒಬ್ಬರೇ ಬರುವ ಅಜ್ಜಿ. ಡಯಾಲಿಸಿಸ್ ನಡೆಯುವಾಗ ಅವರಿಗೆ ಕಾಲು ಸೆಳೆಯುತ್ತದೆ, ಪ್ರತಿಸಲ ನರಳುತ್ತಾರೆ. ಆವತ್ತು ಸದ್ದೇ ಇಲ್ಲ. ಕಣ್ಣು ಬಿಟ್ಟರೆ ಅಜ್ಜಿಯ ಕಾಲು ಒತ್ತುತ್ತ ಕೂತಿದ್ದಾರೆ ನಮ್ಮ ಅತ್ತೆ!

“ಅತ್ತಿ, ರಜಾ ದಿನ ಇಲ್ಲೇನು ಮಾಡ್ಲತ್ತೀರಿ?”

“ಸರ್ಕಾರ ರೊಕ್ಕ ಒಲ್ಲೆ ಅಂತು. ಅದಕ್ಕ ಕೈಲೆ ಕಟ್ಲತ್ತೇನಿ.”

“ಕ್ವಾರ್ಟರ್ಸ್?” ಎಂದೆ.

“ಬ್ಯಾಡಂತ ಅಂದೇ ಬಂದೀನಿ. ನೀ ಇಲ್ಲಿದ್ರ ನಾ ಅಲ್ಲಿ ಹ್ಯಾಂಗ ಇರ್ಲೋ, ಹುಚ್ಚಾ?”

ಅಜ್ಜಿಗೆ ನಿದ್ದೆ ಹತ್ತಿತ್ತು. ಅತ್ತೆ ಎದ್ದು ಬಂದು ನನ್ನ ಕಾಲ ಬಳಿ ಕೂತು ಒತ್ತತೊಡಗಿದರು. ಇಂಥವರ ಸೋದರಳಿಯನಾಗಿ ಹುಟ್ಟಿದ್ದೇ ನನ್ನ ಪುಣ್ಯ ಎನಿಸಿ ಕಣ್ಣು ತುಂಬಿತು. ಆವತ್ತು ನನಗೆ ಕಾಲು ಸೆಳೆಯುತ್ತಲೇ ಇರಲಿಲ್ಲ. ಹೇಳಬೇಕೆನಿಸಲಿಲ್ಲ.