ಮಾವನ ಗಾಡಿಗೆ ಟೈರು ನೋಡಿದ್ದು

ನನ್ನ ಸೋದರಮಾವ ಮದುವೆಗೆ ಹೆಣ್ಣು ಒಪ್ಪಲು ತೆಗೆದುಕೊಂಡದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಅದೇ ಮನುಷ್ಯ ತನ್ನ ಬೈಕಿಗೆ ಎರಡು ಟೈರು ಒಪ್ಪಲು ತೆಗೆದುಕೊಂಡದ್ದು ಹನ್ನೊಂದು ತಿಂಗಳು! ಇದನ್ನು ಕೇಳಿದವರೆಲ್ಲ ಅತ್ತೆಯ ಕಡೆ ಅನುಕಂಪದಿಂದ ನೋಡುತ್ತಾರೆ. ಅತ್ತೆ ಮಾತ್ರ, "ಅವತ್ತು ಕಾಫಿ ತುಂಬಾ ಬಿಸಿ ಇತ್ತು. ಇಲ್ಲಾಂದ್ರೆ ಇನ್ನೂ ಬೇಗ ಒಪ್ಪಿಬಿಡ್ತಿದ್ರು" ಅನ್ನುತ್ತಾಳೆ.

ಮಾವ ಈ ಹಿಮದ ದೇಶದ ಕಿಸ್ಟಾ ಎಂಬ ಊರಿನ ಒಂದು ಟೆಲಿಕಾಂ ಆಫೀಸಿನಲ್ಲಿ ಕೆಲಸ ಮಾಡುವವನು. ನಾನು ಹತ್ತಿರದ ಉಪ್ಸಾಲಾದಲ್ಲಿ ಪಿಎಚ್‌ಡಿ ಮಾಡುತ್ತ, ಶನಿವಾರ ಬಂತೆಂದರೆ ಸಾರಿನ ಆಸೆಗೆ ಅವರ ಮನೆಗೆ ಬಂದು ಬೀಳುವವಳು. ಐವತ್ತು ತುಂಬಿದ ವರ್ಷ ಮಾವ ಒಂದು ಹಳೆಯ ಕ್ರೂಸರ್ ಬೈಕು ಕೊಂಡ. ತಗ್ಗಿದ ಸೀಟು, ಅಗಲವಾದ ಹ್ಯಾಂಡಲ್ಲು, ಕಾಲು ಮುಂದಕ್ಕೆ ಚಾಚಿ ಕೂರುವ ಜಾತಿಯ ಗಾಡಿ. ಮಾವ ಅದರ ಮೇಲೆ ಹೊರಟರೆ ಆರಾಮ ಕುರ್ಚಿಯೊಂದು ಮನೆ ಬಿಟ್ಟು ಓಡಿಹೋಗುತ್ತಿರುವಂತೆ ಕಾಣುತ್ತದೆ. ಹಿಂದಿನ ಸೀಟು ಅತ್ತೆಯದು. ಬೇಸಿಗೆಯ ಭಾನುವಾರಗಳಲ್ಲಿ ಇಬ್ಬರೂ ಯಾವುದಾದರೂ ಕೆರೆಯ ದಂಡೆಗೆ ಹೋಗಿ, ಹೆಚ್ಚು ಮಾತಾಡದೆ ಕೂತು ಬರುತ್ತಿದ್ದರಂತೆ. 'ಹೆಚ್ಚು ಮಾತಾಡದೆ' ಅನ್ನುವುದು ಅತ್ತೆಯ ಹೇಳಿಕೆ. ಮಾವ ಸುಮ್ಮನೆ ಕೂತದ್ದನ್ನು ನಾನಂತೂ ನೋಡಿಲ್ಲ.

ಹೋದ ವರ್ಷ ಏಪ್ರಿಲ್‌ನಲ್ಲಿ ಅದೆಲ್ಲ ನಿಂತುಹೋಯಿತು. ಇಲ್ಲಿ ಚಳಿಗಾಲದುದ್ದಕ್ಕೂ ಜನ ಜಾರದಿರಲೆಂದು ರಸ್ತೆಗೆ ಸಣ್ಣ ಜಲ್ಲಿ ಚೆಲ್ಲುತ್ತಾರೆ. ಹಿಮ ಕರಗುತ್ತದೆ, ಜಲ್ಲಿ ಉಳಿಯುತ್ತದೆ. ಅದನ್ನು ಗುಡಿಸಲು ನಗರಸಭೆಯ ಗಾಡಿ ಬರುತ್ತದೆ. ಅವತ್ತು ಅದಕ್ಕಿಂತ ಮೊದಲು ಮಾವನ ಗಾಡಿ ಬಂತು. ತಿರುವಿನಲ್ಲಿ ಬೈಕು ನಿಧಾನವಾಗಿ ಮಲಗಿತು. ಅತ್ತೆ ಮಂಡಿ ಊದಿ ಎರಡು ವಾರ ಕುಂಟಿದಳು. ಬೈದಿದ್ದರೆ ಮುಗಿದುಹೋಗುತ್ತಿತ್ತೇನೋ. ಅವಳು ಬೈಯಲಿಲ್ಲ. "ನಾನಿನ್ನು ಇದನ್ನ ಹತ್ತಲ್ಲ" ಅಂದಳು, ಅಷ್ಟೆ.

ತಪ್ಪು ಯಾರದು? ತನ್ನದೆಂದು ಮಾವ ಒಪ್ಪಲಿಲ್ಲ. ಜಲ್ಲಿಯದೆಂದೂ ಅನ್ನಲಿಲ್ಲ. ಟೈರಿನದು ಅಂದುಬಿಟ್ಟ. ಸರಿಯಾದ ಟೈರು ಹಾಕಿಸಿದರೆ ಅತ್ತೆ ತಾನಾಗಿ ಹಿಂದಿನ ಸೀಟಿಗೆ ಬರುತ್ತಾಳೆ ಎಂಬುದು ಅವತ್ತಿನಿಂದ ಅವನ ಸಿದ್ಧಾಂತ. ಆ ಸರಿಯಾದ ಟೈರಿನ ಹುಡುಕಾಟದಲ್ಲಿ ಒಂದು ಬೇಸಿಗೆ ಪೂರ್ತಿ ಬೈಕು ಗ್ಯಾರೇಜಿನಲ್ಲೇ ಕಳೆಯಿತು.

ಮೊದಲು ಆಫೀಸಿನವರನ್ನು ಕೇಳಿದ. ಫೀಕಾ ಹೊತ್ತಿನಲ್ಲಿ, ಅಂದರೆ ಎಲ್ಲರೂ ಕಾಫಿಗೆ ಸೇರುವ ಹೊತ್ತಿನಲ್ಲಿ, ಟೈರಿನ ವಿಷಯ ತೆಗೆದೂ ತೆಗೆದೂ ಕೊನೆಗೆ ಅವನ ಮೇಜಿನಲ್ಲಿ ಅವನೊಬ್ಬನೇ ಉಳಿದ. ಆಮೇಲೆ ನನ್ನ ಸರದಿ.

"ಪುಟ್ಟಿ, ನೀನು ಸೈನ್ಸ್ ಓದಿದೀಯಲ್ಲ, ಒದ್ದೆ ನೆಲದ ಮೇಲೆ ಹಿಡಿತ ಹೇಗೆ ಬರುತ್ತೆ?"

"ಮಾವ, ನಾನು ಮೀನಿನ ಕರುಳಲ್ಲಿರೋ ಬ್ಯಾಕ್ಟೀರಿಯಾ ನೋಡೋಳು."

"ಅವೂ ಒದ್ದೇಲಿ ಹಿಡ್ಕೊಂಡೇ ತಾನೇ ಇರೋದು?"

ಇದಕ್ಕೆ ಉತ್ತರ ನನ್ನ ಗೈಡಿಗೂ ಹೊಳೆಯಲಿಲ್ಲ, ಕೇಳಿದೆ.

ಮುಂದಿನ ಚಕ್ರದ ಟೈರೂ ಹಿಂದಿನದೂ ಒಂದೇ ಕಂಪನಿಯದಾಗಿರಬೇಕೆಂದು ಎಲ್ಲೋ ಓದಿದ ದಿನ ಮಾವ ಫೋನು ಮಾಡಿ, "ಇದೊಂದು ಮದುವೆ ಮಾತ್ರ ಸ್ವಗೋತ್ರದಲ್ಲೇ ಆಗಬೇಕು ಕಣೇ" ಎಂದು ಘೋಷಿಸಿದ. ಟೈರಿನ ಮೇಲೆ ಅದು ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆಂದು ಗೊತ್ತಾದ ಮೇಲಂತೂ ಕೇಳುವುದೇ ಬೇಡ. ಜಾತಕವೇ ಸಿಕ್ಕಿದಂತಾಯಿತು! ಎಷ್ಟು ಭಾರ ಹೊರಬಲ್ಲದು ಎಂಬುದಕ್ಕೂ ಒಂದು ಸಂಖ್ಯೆಯಿರುತ್ತದೆ. ಅದನ್ನು ಲೆಕ್ಕ ಹಾಕಲು ಮಾವ ಒಂದು ಶನಿವಾರ ಊಟದ ಮಧ್ಯೆ, "ನಿನ್ನ ತೂಕ ಈಗ ಎಷ್ಟು?" ಎಂದು ಅತ್ತೆಯನ್ನು ಕೇಳಿದ.

"ಯಾಕೆ, ನನ್ನ ಪಾರ್ಸಲ್ ಮಾಡ್ತೀರಾ?"

"ಅಲ್ಲ, ಟೈರಿಗೆ."

"ಹತ್ತದೇ ಇರೋಳ ತೂಕ ಸೊನ್ನೆ. ಸೊನ್ನೆ ಅಂತ ಬರ್ಕೊಳ್ಳಿ."

ಮಾವ ತಲೆ ತಗ್ಗಿಸಿ ಮಜ್ಜಿಗೆ ಕಲಸಿಕೊಂಡ. ಅವನು ನಿಜವಾಗಿಯೂ ತಲೆ ತಗ್ಗಿಸಿದನೋ, ಅಥವಾ ಅನ್ನದ ಕಡೆ ನೋಡಿದ್ದನ್ನು ನಾನು ಹಾಗೆ ಅಂದುಕೊಂಡೆನೋ? ಅವತ್ತು ನಾನು ಬರೆದಿಟ್ಟ ದಿನಚರಿಯಲ್ಲಿ ತಗ್ಗಿಸಿದ ಎಂದೇ ಇದೆ. ಆದರೆ ಮಾವನ ಬಗ್ಗೆ ಬರೆಯುವಾಗ ನನ್ನ ಪೆನ್ನು ಸ್ವಲ್ಪ ಉದಾರವಾಗುತ್ತದೆ.

ಮಾರ್ಚಿ ತಿಂಗಳಲ್ಲಿ ಅಂಗಡಿಗಳ ಭೇಟಿ ಶುರುವಾಯಿತು. ಮೊದಲನೆಯದಕ್ಕೆ ನನ್ನನ್ನೂ ಕರೆದುಕೊಂಡು ಹೋದ. ಇಸ್ತ್ರಿ ಮಾಡಿದ ಶರಟು ಹಾಕಿದ್ದ. ಬಿಳಿ ಗಡ್ಡದ ಅಂಗಡಿಯವನು ಕಾಫಿ ಕೊಟ್ಟು, ಒಂದು ಜೊತೆ ಟೈರು ತಂದು ಎದುರಿಗೆ ನಿಲ್ಲಿಸಿದ. ಮಾವ ಹೆಬ್ಬೆರಳಿನಿಂದ ಒತ್ತಿದ, ಮೂಸಿದ, ಹುಟ್ಟಿದ ವಾರ ನೋಡಿದ, ಮಳೆಯಲ್ಲಿ ಸ್ವಭಾವ ಹೇಗೆಂದು ವಿಚಾರಿಸಿದ. ಒಂದು ಸಲ ಉರುಳಿಸಿ ತೋರಿಸಿ ಅಂದ. ಅವನು ಉರುಳಿಸಿದ. ಹಾಡು ಬರುತ್ತದೆಯೇ ಎಂದು ಕೇಳುವುದೊಂದು ಬಾಕಿ! ಕೊನೆಗೆ ಮಾವ ಎದ್ದು ಕೈ ಕುಲುಕಿ, ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದ.

ನಮ್ಮ ಕಡೆ 'ಮನೆಗೆ ಹೋಗಿ ತಿಳಿಸ್ತೀವಿ' ಅಂದರೆ ಏನು? ಉಪ್ಪಿಟ್ಟು ಚೆನ್ನಾಗಿತ್ತು, ಇನ್ನು ನಮ್ಮ ದಾರಿ ಕಾಯಬೇಡಿ ಎಂದು. ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಮಾವ ಹಾಗೆಯೇ ಇನ್ನೂ ಮೂರು ಅಂಗಡಿಗಳಲ್ಲಿ ಕಾಫಿ ಕುಡಿದ.

ತಿಂಗಳ ಮೇಲೆ, ಚೈನಿಗೆ ಹಾಕುವ ಎಣ್ಣೆ ಬೇಕೆಂದು ಆ ಮೊದಲನೆಯ ಅಂಗಡಿಗೆ ಮತ್ತೆ ಹೋದೆವು. ಮೂಲೆಯಲ್ಲಿ ಅದೇ ಜೊತೆ ಟೈರು ನಿಂತಿತ್ತು. ಮೇಲೊಂದು ಚೀಟಿ. ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದ ಮಾವನ ಹೆಸರು.

"ಮನೆಯಲ್ಲಿ ಮಾತಾಡಿದಿರಾ?" ಎಂದು ಅಂಗಡಿಯವನು ಕೇಳಿದ. ಈ ಮಧ್ಯೆ ಇಬ್ಬರು ಬಂದು ಇದೇ ಟೈರು ಕೇಳಿದರಂತೆ. ನೀವಿನ್ನೂ ತಿಳಿಸಿರಲಿಲ್ಲವಲ್ಲ, ಅದಕ್ಕೇ ಕೊಡಲಿಲ್ಲ ಅಂದ.

ಮಾವನ ಕಿವಿ ಕೆಂಪಾಯಿತು. "ಮಾತಾಡಿದೆವು" ಅಂದ.

"ಏನಂದರು?"

"ಒಪ್ಪಿದ್ದಾರೆ."

ಹನ್ನೊಂದು ತಿಂಗಳ ಸಂಶೋಧನೆ ಹೀಗೆ ಒಂದೇ ಪದದಲ್ಲಿ ಮುಗಿಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ.

"ಅತ್ತೆನ ನಿಜವಾಗ್ಲೂ ಕೇಳಿದ್ಯಾ ಮಾವ?"

"ಏನಂತ ಕೇಳ್ಲಿ? ಕೇಳಿ, ಹತ್ತಲ್ಲ ಅಂದುಬಿಟ್ರೆ?"

ಟೈರು ಕೂರಿಸಿಕೊಟ್ಟ ದಿನ ಅಂಗಡಿಯವನು ಒಂದು ಎಚ್ಚರಿಕೆ ಹೇಳಿದ. ಹೊಸ ಟೈರಿನ ಮೈ ನುಣುಪು. ಮೊದಲ ಇನ್ನೂರು ಕಿಲೋಮೀಟರು ಮೆಲ್ಲಗೆ ಓಡಿಸಿ, ಅಲ್ಲಿಯವರೆಗೆ ಹಿಂದೆ ಯಾರನ್ನೂ ಕೂರಿಸಬೇಡಿ. ಮಾವನಿಗೆ ಹೊಸ ಚಿಂತೆ. ಯಾರನ್ನೂ ಕೂರಿಸದಿದ್ದರೆ, ಯಾರಾದರೂ ಕೂತಾಗ ಗಾಡಿ ಹೇಗಿರುತ್ತದೆಂದು ತಿಳಿಯುವುದು ಹೇಗೆ?

ಮುಂದಿನ ಭಾನುವಾರ ಬೆಳಿಗ್ಗೆ ಅತ್ತೆ ನನ್ನನ್ನು ಬಾಲ್ಕನಿಗೆ ಕರೆದಳು. ಕೆಳಗೆ ಪಾರ್ಕಿಂಗಿನಲ್ಲಿ ಮಾವ ಸುತ್ತು ಹೊಡೆಯುತ್ತಿದ್ದ. ಹಿಂದಿನ ಸೀಟಿನಲ್ಲಿ ಇಪ್ಪತ್ತು ಕಿಲೋದ ಎರಡು ಮೂಟೆ ಸೋನಾ ಮಸೂರಿ, ಅದರ ಮೇಲೆ ಹತ್ತು ಕಿಲೋ ತೊಗರಿಬೇಳೆ, ಎಲ್ಲಕ್ಕೂ ಸೇರಿಸಿ ಹಗ್ಗ. ಪಕ್ಕದ ಮನೆಯವರು ಕಾರಿನ ಬಾಗಿಲು ತೆರೆದು ಹಿಡಿದು ಹಾಗೇ ನಿಂತಿದ್ದರು.

ಅತ್ತೆ ಲೆಕ್ಕ ಹಾಕಿದಳು. "ಐವತ್ತಾ? ಪರವಾಗಿಲ್ಲ, ಮರ್ಯಾದೆ ಕೊಟ್ಟಿದಾರೆ."

ನಾವಿಬ್ಬರೂ ರೇಲಿಂಗ್ ಹಿಡಿದುಕೊಂಡು ನಕ್ಕೆವು. ಆಮೇಲೆ ಅತ್ತೆಯ ನಗು ನಿಂತಿತು. ಪ್ರತಿ ತಿರುವಿಗೂ ಮೊದಲು ಮಾವ ವೇಗ ಇಳಿಸುತ್ತಿದ್ದ. ಎಡಗೈ ಹಿಂದಕ್ಕೆ ಚಾಚಿ, ಮೂಟೆ ಇದೆಯೇ ಎಂದು ಮುಟ್ಟಿ ನೋಡಿಯೇ ತಿರುಗುತ್ತಿದ್ದ. ನೆಲ ಗುಡಿಸಿ ಚೊಕ್ಕಟವಾಗಿತ್ತು. ಒಂದು ಹರಳೂ ಇರಲಿಲ್ಲ.

ಅತ್ತೆ ಕೆಳಗಿಳಿದಳು. ನಾನೂ ಹಿಂದೆಯೇ ಹೋದೆ. ಮಾವ ಬೈಕು ನಿಲ್ಲಿಸಿದ.

"ಟೆಸ್ಟಿಂಗು" ಅಂದ.

"ಮೂಟೆ ಏನಂತು?"

"ಏನೂ ಅನ್ನಲಿಲ್ಲ."

"ನಾನೂ ಏನೂ ಅನ್ನಲಿಲ್ಲ ರೀ. ಒಂದು ವರ್ಷ ಆಯ್ತು, ನೋವಾಯ್ತಾ ಅಂತ ಒಂದು ಸಲ ಕೇಳಿದ್ರಾ? ಬರೀ ಟೈರು, ಟೈರು."

ಮಾವ ಹೆಲ್ಮೆಟ್ ತೆಗೆದ. ಕೂದಲು ಎದ್ದು ನಿಂತಿತ್ತು. "ತುಂಬಾ ನೋವಾಯ್ತಾ?"

"ಹೂಂ." ಅತ್ತೆ ಹಗ್ಗದ ಗಂಟು ಬಿಚ್ಚತೊಡಗಿದಳು. "ಇದನ್ನ ಇಳಿಸಿ. ನಾನು ಬರ್ತೀನಿ."

ಮಾವ ಅವಳ ಕೈ ಹಿಡಿದು ತಡೆದ. "ಈಗ ಬೇಡ. ಇನ್ನೂ ನಲವತ್ತು ಕಿಲೋಮೀಟರ್ ಬಾಕಿ ಇದೆ."

ಒಂದು ವರ್ಷ ಈ ಒಂದು ಮಾತಿಗೆ ಕಾದವನು! ಅತ್ತೆ ಅವನ ಮುಖವನ್ನೇ ನೋಡಿದಳು. "ಹಾಗಾದ್ರೆ ಮುಗಿಸ್ಕೊಂಡು ಬನ್ನಿ."

ಮೂಟೆಗಳನ್ನಿಳಿಸಿ ಅವನು ಹೋದ. ಅತ್ತೆ ಮೇಲೆ ಹೋಗಿ ಜಾಕೆಟ್ಟು ಹಾಕಿಕೊಂಡು ಬಂದು ಅಕ್ಕಿ ಮೂಟೆಯ ಮೇಲೆ ಕೂತಳು. ಗಾಳಿ ತಣ್ಣಗಿತ್ತು. ಅರ್ಧ ಗಂಟೆಯಾಯಿತೋ, ಮುಕ್ಕಾಲೋ, ನೆನಪಿಲ್ಲ. ಮೇಲೆ ಹೋಗಿ ಕಾಯೋಣ ಬಾ ಅತ್ತೆ ಅಂದೆ.

"ನೀನು ಹೋಗು. ಬಂದಾಗ ನಾನು ಇಲ್ಲಿಲ್ಲಾಂದ್ರೆ ಗಾಬರಿಯಾಗ್ತಾರೆ."