ಅಳತೆಗೆ ತಕ್ಕ ಗಿಟಾರ್

ನಮ್ಮ ಮದುವೆಯ ಇಪ್ಪತ್ತೈದನೇ ವಾರ್ಷಿಕೋತ್ಸವಕ್ಕೆ ಗಿಟಾರ್ ನುಡಿಸಿಯೇ ತೀರುತ್ತೇನೆಂದು ನಾನು ಘೋಷಿಸಿದ್ದು ಬಾಮೈದ ದುಂಡಪ್ಪನ ಎದುರಿಗೆ. ಅವನ ಮುಂದೆ ಸೋಲುವುದುಂಟೇ! ವಿಜಯನಗರದ ಈ ಮನೆಗೆ ನಾನೇ ಮಹಾರಾಜ, ಅಡುಗೆಮನೆಯ ಹೊಸ್ತಿಲು ತುಳಿದವನೇ ಅಲ್ಲ ಎಂದು ಇಷ್ಟು ವರ್ಷವೂ ಅವನನ್ನು ನಂಬಿಸಿಕೊಂಡು ಬಂದಿದ್ದೇನೆ. ಕಾಲೇಜಿನಲ್ಲಿ ಕಲಿತ ಒಂದೇ ಒಂದು ಹಾಡು ನೆನಪಿತ್ತು. ಗಿಟಾರ್ ಕೊಳ್ಳುವುದಷ್ಟೇ ಬಾಕಿ.

ಕೊಳ್ಳಲು ಹೋದರೆ ಗಿಟಾರ್ ಅಂಗಡಿಯ ಮುರುಗೇಶ್ ಪ್ರಶ್ನೆಗಳ ಬಾಣ ಬಿಡತೊಡಗಿದ.

“ಸ್ಟ್ರಿಂಗ್ ಯಾವ ಗೇಜ್ ಸಾರ್? ಟೆನ್ನಾ, ಟ್ವೆಲ್ವಾ?”

“ಅಂದ್ರೆ?”

“ತಂತಿ ದಪ್ಪ ಸಾರ್. ಟೆನ್ ಆದ್ರೆ ಸಣ್ಣ, ಬೆರಳು ಅಷ್ಟು ನೋಯಲ್ಲ. ಟ್ವೆಲ್ವ್ ಆದ್ರೆ ಸೌಂಡ್ ಜೋರು. ಕೈಯಲ್ಲಿ ಹಿಡಿಯೋ ನೆಕ್ ತೆಳ್ಳಗಿರ್ಲಾ, ದುಂಡಗಿರ್ಲಾ? ತಂತಿ ಎಷ್ಟು ಮೇಲಿರ್ಬೇಕು?”

“ಎಲ್ಲಾರೂ ಯಾವ್ದು ತಗೋತಾರಪ್ಪ?”

“ಅದು ಅವರವರ ಕಂಫರ್ಟು ಸಾರ್!”

ಮದುವೆಯಾದ ಮೇಲೆ ನನ್ನ ಕಂಫರ್ಟನ್ನು ಯಾರೂ ಕೇಳಿರಲಿಲ್ಲ. ಈಗ ಕೇಳಿದರೆ ನನಗೂ ಗೊತ್ತಿರಲಿಲ್ಲ! ನಾಲ್ಕು ಗಿಟಾರ್ ಹಿಡಿದು ನೋಡಿದೆ. ಮೂರನೆಯದು ಮೊದಲನೆಯದರಂತಿತ್ತು, ಮೊದಲನೆಯದು ಯಾವುದೆಂದೇ ಮರೆತುಹೋಯಿತು. ತಲೆ ಕೆಟ್ಟು ಮನೆಗೆ ಬಂದೆ.

ಮುಂದಿನ ರೂಮಿನಲ್ಲಿ ಬ್ಲೌಸ್ ಹೊಲಿಯುತ್ತಿದ್ದ ಹೆಂಡತಿ ರಮ್ಯಶ್ರೀ ನನ್ನ ಗೋಳು ಕೇಳಿ ಮಿಷನ್ ನಿಲ್ಲಿಸದೆಯೇ ತೀರ್ಪು ಕೊಟ್ಟಳು: “ಅಳತೆ ಬ್ಲೌಸ್ ತರದೆ ಬರೋ ಕಸ್ಟಮರ್ ಥರ ಆಡ್ತೀರಲ್ರೀ! ನಿಮ್ ಕೈಗೆ ಆರಾಮಾಗಿ ಕೂರೋದು ಏನಾದ್ರೂ ಅಳತೆಗೆ ತಗೊಂಡ್ಹೋಗಿ.”

ಪೊರಕೆ ಹಿಡಿದೆ, ಛತ್ರಿ ಹಿಡಿದೆ, ಮಗಳ ಬ್ಯಾಡ್ಮಿಂಟನ್ ಬ್ಯಾಟ್ ಹಿಡಿದೆ. ಯಾವುದೂ ಒಗ್ಗಲಿಲ್ಲ. ಕೊನೆಗೆ ಲಟ್ಟಣಿಗೆ ಹಿಡಿದೆ ನೋಡಿ, ಅಂಗೈ ತಾನಾಗಿ ಮುಚ್ಚಿಕೊಂಡಿತು! ಗುಟ್ಟೊಂದು ಹೇಳಿಬಿಡುತ್ತೇನೆ: ಸಂಜೆ ಅವಳಿಗೆ ಗಿರಾಕಿಗಳ ಕಾಟ, ಹಾಗಾಗಿ ನಮ್ಮ ಮನೆಯ ಚಪಾತಿ ಖಾತೆ ನನ್ನದೇ.

“ದಿನಾ ಹಿಡಿಯೋದು ಇದನ್ನೇ” ಎಂದು ಮುರುಗೇಶನ ಮುಂದಿಟ್ಟೆ. ಅವನು ಗಂಭೀರವಾಗಿ ಅಳೆದ.

“ಸೂಪರ್ ಸಾರ್! ಇದಕ್ಕೆ ಹೊಂದೋ ನೆಕ್ ಒಂದೇ ಒಂದಿದೆ. ಸಣ್ಣ ತಂತಿ ಹಾಕಿ, ಸ್ವಲ್ಪ ಕೆಳಗಿಳಿಸಿ, ಭಾನುವಾರ ನಾನೇ ಮನೆಗೆ ತರ್ತೀನಿ. ಅಳತೆಗೆ ಇದು ಇಲ್ಲೇ ಇರ್ಲಿ.”

ಭಾನುವಾರ ವಾರ್ಷಿಕೋತ್ಸವ, ಮನೆ ತುಂಬ ನೆಂಟರು. ದುಂಡಪ್ಪ ಮುಂದಿನ ಕುರ್ಚಿಯಲ್ಲಿ. ಒಳಗಿನಿಂದ ಕೂಗು: “ರೀ, ಲಟ್ಟಣಿಗೆ ಎಲ್ರೀ?”

“ನಂಗೇನ್ ಗೊತ್ತು? ನಾನೇನು ಅಡುಗೆಮನೆಗೆ ಬರ್ತೀನಾ?” ಎಂದು ದುಂಡಪ್ಪನಿಗೆ ಕೇಳಿಸುವಂತೆ ಗುಡುಗಿದೆ.

ಅಷ್ಟರಲ್ಲಿ ಬಂದೇಬಿಟ್ಟ ಮುರುಗೇಶ್! ಒಂದು ಕೈಯಲ್ಲಿ ಗಿಟಾರ್, ಇನ್ನೊಂದರಲ್ಲಿ ಲಟ್ಟಣಿಗೆ.

“ಸಾರ್, ಮೊದ್ಲು ಇದು ತಗೊಳ್ಳಿ. ದಿನಾ ಹಿಡಿಯೋದು ಅಂದಿದ್ರಲ್ಲ, ಇದಿಲ್ದೆ ಸಾರ್ ಚಪಾತಿ ಹೆಂಗೆ ಮಾಡ್ತಿದಾರೋ ಅಂತ ನಂಗೇ ಬೇಜಾರು!”

ಮನೆಯೆಲ್ಲ ಗೊಳ್ಳೆಂದಿತು. ಇಪ್ಪತ್ತೈದು ವರ್ಷದ ಮರ್ಯಾದೆ ಮೂರು ಕಾಸಿಗೆ ಹರಾಜಾಯಿತು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡು ತಲೆ ತಗ್ಗಿಸಿದೆ.

ದುಂಡಪ್ಪ ಒಬ್ಬನೇ ನಗಲಿಲ್ಲ. ಎದ್ದು ಬಂದು ಲಟ್ಟಣಿಗೆ ತೆಗೆದುಕೊಂಡ, ಅಂಗೈಯಲ್ಲಿ ಹಿಂದೆ ಮುಂದೆ ಉರುಳಿಸಿ ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ:

“ಭಾವ, ನಮ್ಮನೇದು ಇದಕ್ಕಿಂತ ದಪ್ಪ, ಲಟ್ಟಿಸಿ ಲಟ್ಟಿಸಿ ನನ್ ಕೈ ಬಿದ್ದೋಗಿದೆ. ಇದನ್ನ ಎಲ್ಲಿ ತಗೊಂಡ್ರಿ?”