ಕಾಡಿನಲ್ಲೂ ಹಸಿರಿಲ್ಲದ ಡಬ್ಬಿಯ ಕುರಿತು

ಇಂದ,
ಮೇಲ್ವಿಚಾರಕಿ, ತೊಳೆಯುವ ವಿಭಾಗ, ಹಗಲು ಪಾಳಿ,
ಹೋಟೆಲ್ ಮತ್ತು ಆಸ್ಪತ್ರೆ ಬಟ್ಟೆಗಳ ಲಾಂಡ್ರಿ.

ಗೆ,
ಬಣ್ಣ ಆಯ್ಕೆ ಮಾಡುವ ಮುಖ್ಯ ಅಧಿಕಾರಿಗಳು,
ಐಶ್ಯಾಡೋ ವಿಭಾಗ.
(ಅಂಥ ಅಧಿಕಾರಿ ಇಲ್ಲದಿದ್ದಲ್ಲಿ, ಎಲ್ಲವೂ ಕಂದು ಇರಲಿ ಎಂದು ತೀರ್ಮಾನಿಸಿದವರು ಯಾರೋ ಅವರಿಗೆ.)

ವಿಷಯ: ತಮ್ಮ ಹೊಸ ಐಶ್ಯಾಡೋ ಡಬ್ಬಿಯಲ್ಲಿ ಹನ್ನೆರಡು ಬಣ್ಣಗಳ ಹೆಸರಿನಲ್ಲಿ ಒಂದೇ ಬಣ್ಣವಿರುವ ಬಗ್ಗೆ, ಹಾಗೂ ಸದರಿ ಕಾರಣದಿಂದ ನಮ್ಮ ಅತ್ತೆಯವರು ಕೆಲಸದ ಜಾಗ ಕಳೆದುಕೊಂಡಿರುವ ಬಗ್ಗೆ.

ಉಲ್ಲೇಖ: 1) ತಮ್ಮ ಹಳೆಯ ಹದಿನಾರು ಬಣ್ಣಗಳ ಡಬ್ಬಿ (ಈಗ ಸಿಗುತ್ತಿಲ್ಲ). 2) ಇದೇ ವಿಷಯವಾಗಿ ನಾನು ಬರೆದ ಎರಡು ಪತ್ರಗಳು. 3) ಎರಡಕ್ಕೂ ತಾವು ಕಳಿಸಿದ ಒಂದೇ ಉತ್ತರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನಗೆ ಅಲಂಕಾರದ ಹುಚ್ಚಿಲ್ಲ. ಐಶ್ಯಾಡೋ ಬಗ್ಗೆ ಮೂರನೇ ಸಲ ಅರ್ಜಿ ಬರೆಯುವವಳು ಕನ್ನಡಿ ಬಿಟ್ಟು ಕದಲದವಳೇ ಇರಬೇಕು ಎಂದು ತಮಗೆ ಅನ್ನಿಸಬಹುದಾದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ನನ್ನ ವಯಸ್ಸು ನಲವತ್ನಾಲ್ಕು. ಕೆಲಸದ ಹೊತ್ತಿನಲ್ಲಿ ತಲೆಗೆ ಟೋಪಿ, ಮೂಗು ಬಾಯಿಗೆ ಮಾಸ್ಕು, ಕಿವಿಗೆ ಬಿರಡೆ. ಲೋಕಕ್ಕೆ ಕಾಣುವ ನಾನು ಎಂದರೆ ಹುಬ್ಬಿನಿಂದ ಕೆಳಗೆ ಎರಡು ಬೆರಳಿನಷ್ಟು ಅಗಲ. ಆ ಎರಡು ಬೆರಳಿನ ಜಾಗದಲ್ಲಿ ಒಂಬತ್ತು ವರ್ಷ ನಾನು ಒಂದು ಇಡೀ ವಿಭಾಗವನ್ನು ನಡೆಸಿದ್ದೇನೆ. ವಿವರ ಕೆಳಕಂಡಂತಿದೆ.

1. ನಮ್ಮ ಯಂತ್ರಶಾಲೆಯಲ್ಲಿ ಏಳು ದೊಡ್ಡ ತೊಳೆಯುವ ಯಂತ್ರಗಳಿವೆ. ಬಟ್ಟೆ ಬರುವುದು ಒಂದೇ ಬಗೆಯ ಬಿಳಿ ಚೀಲಗಳಲ್ಲಿ, ಚೀಲದ ಸಮೇತ ಯಂತ್ರಕ್ಕೆ ಹೋಗುವುದರಿಂದ ಒಳಗೇನಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಏಳೂ ಒಟ್ಟಿಗೆ ತಿರುಗುವಾಗ ಪಕ್ಕದವಳು ಸೀನಿದ್ದೂ ಕೇಳಿಸುವುದಿಲ್ಲ. ಹಬೆಗೆ ಕರಿಹಲಗೆ ಒದ್ದೆಯಾಗಿ ಬರೆದದ್ದು ನಿಲ್ಲುವುದಿಲ್ಲ. ಕೈ ಎತ್ತಿದರೆ "ಯಂತ್ರ ನಿಲ್ಲಿಸಿ" ಎಂದೇ ಅರ್ಥ, ಆದ್ದರಿಂದ ಕೈಸನ್ನೆ ಮಾಡುವ ಹಾಗಿಲ್ಲ. ಬಿಳಿ ಬಟ್ಟೆಗೆ ಬಣ್ಣ ಹತ್ತುತ್ತದೆಂಬ ಕಾರಣಕ್ಕೆ ಬಣ್ಣದ ಬಟ್ಟೆ, ಕಾಗದ, ರಿಬ್ಬನ್ನು ಯಾವುದನ್ನೂ ಒಳಗೆ ಬಿಡುವುದಿಲ್ಲ. ನಿಯಮದ ಪುಸ್ತಕವನ್ನು ಮೂರು ಸಲ ಓದಿದ ಮೇಲೆ ನನಗೆ ತಿಳಿದದ್ದು, ಮನುಷ್ಯರ ಮೈಮೇಲಿನ ಬಣ್ಣದ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇಲ್ಲ ಎಂಬುದು.

2. ಕಾರಣ, ತಮ್ಮ ಹಳೆಯ ಡಬ್ಬಿಯ ಸಹಾಯದಿಂದ ಕೆಳಕಂಡ ಪದ್ಧತಿ ಜಾರಿಗೆ ಬಂತು. ಎಡಗಣ್ಣಿನ ರೆಪ್ಪೆ ಹಸಿರಾಗಿದ್ದರೆ ಹೋಟೆಲಿನ ಬಟ್ಟೆ, ಬೆಚ್ಚಗಿನ ನೀರು. ನೀಲಿಯಾಗಿದ್ದರೆ ಆಸ್ಪತ್ರೆಯದ್ದು, ಕುದಿಯುವ ನೀರು. ಹಳದಿಯಾಗಿದ್ದರೆ ಪರದೆಗಳು, ತಣ್ಣೀರು. ಬಟ್ಟೆಯ ಬಗೆ ಬದಲಾದಾಗ ಮೂಲೆಯ ನಲ್ಲಿಯ ಹತ್ತಿರ ಒರೆಸಿ ಬೇರೆ ಬಣ್ಣ ಹಚ್ಚುವುದು. ಬಲಗಣ್ಣಿನ ರೆಪ್ಪೆ ಮ್ಯಾನೇಜರ್ ಸಾಹೇಬರ ಮನಸ್ಥಿತಿಗೆ ಮೀಸಲು. ನೇರಳೆ ಇದ್ದ ದಿನ ಯಾರೂ ರಜೆ ಕೇಳತಕ್ಕದ್ದಲ್ಲ. ನಾನು ಗಾಡಿ ತಳ್ಳಿಕೊಂಡು ಬಂದು, ಸಾಲಿನ ನಡುವೆ ನಿಂತು, ಕಣ್ಣು ಮುಚ್ಚಿ ಎರಡು ಎಣಿಸುತ್ತಿದ್ದೆ. ಏಳು ಯಂತ್ರದ ಏಳು ಹೆಂಗಸರಿಗೂ ಆ ದಿನದ ಸಮಾಚಾರ ಮುಟ್ಟುತ್ತಿತ್ತು. ಮೇಲಿನ ಗಾಜಿನ ಕೋಣೆಯಿಂದ ಇದನ್ನು ನೋಡುತ್ತಿದ್ದ ಮ್ಯಾನೇಜರ್ ಸಾಹೇಬರು ನನಗೆ ನಿದ್ದೆ ಸಾಲುತ್ತಿಲ್ಲವೆಂದು ತಿಳಿದು ಎರಡು ಸಲ ಡಾಕ್ಟರ ವಿಳಾಸ ಕೊಟ್ಟಿದ್ದಾರೆ.

3. ಮೂರನೇ ಯಂತ್ರದವರು ನಮ್ಮ ಅತ್ತೆ. ನನ್ನ ಗಂಡನ ತಾಯಿ, ಇಪ್ಪತ್ತೇಳು ವರ್ಷದ ಅನುಭವ. ನನ್ನನ್ನು ಈ ಕೆಲಸಕ್ಕೆ ಸೇರಿಸಿದವರೂ ಅವರೇ, ನಾನು ಮೇಲ್ವಿಚಾರಕಿಯಾದ ದಿನದಿಂದ ಅದಕ್ಕೆ ಪಶ್ಚಾತ್ತಾಪ ಪಡುತ್ತಿರುವವರೂ ಅವರೇ. ನಾನು ಮೊದಲ ಸಲ ಹಸಿರು ಹಚ್ಚಿಕೊಂಡು ಹೊರಟ ದಿನ ಬಾಗಿಲಲ್ಲಿ ನಿಂತು, "ಬಟ್ಟೆ ಒಗೆಯೋಕೆ ಹೋಗ್ತಿದೀಯೋ, ಬಣ್ಣ ಹಚ್ಕೊಂಡು ನಾಟಕಕ್ಕೆ ಹೋಗ್ತಿದೀಯೋ?" ಎಂದು ಬೀದಿಗೆಲ್ಲ ಕೇಳುವ ಹಾಗೆ ವಿಚಾರಿಸಿದ್ದರು. ಆಮೇಲೆ ನಾಲ್ಕೈದು ವರ್ಷಕ್ಕೆ ಅವರ ಕಿವಿ ಮಂದವಾಯಿತು. ಬಿರಡೆ ಕೊಡುವ ಪದ್ಧತಿ ಬರುವ ಮೊದಲೇ ಅವರು ಅರ್ಧ ಆಯುಷ್ಯ ಆ ಸದ್ದಿನಲ್ಲಿ ಕಳೆದಿದ್ದರು. ಈ ಸಂಗತಿಯನ್ನು ಅವರು ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಮಾತ್ರ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು, "ಕೂತ್ಕೋ ಇಲ್ಲಿ. ಇಷ್ಟು ತೆಳ್ಳಗೆ ಹಚ್ಚಿದ್ರೆ ನಂಗೆಲ್ಲಿ ಕಾಣ್ಬೇಕು?" ಎಂದರು. ಅಂದಿನಿಂದ ನನ್ನ ರೆಪ್ಪೆಗೆ ಬಣ್ಣ ಹಚ್ಚುವ ಕೆಲಸ ಅವರದ್ದು. ಕಿರುಬೆರಳಿನಲ್ಲಿ, ಗೋಡೆಗೆ ಸುಣ್ಣ ಬಳಿಯುವ ಶ್ರದ್ಧೆಯಿಂದ ಹಚ್ಚುತ್ತಾರೆ.

4. ಇದಲ್ಲದೆ ಪದ್ಧತಿಯಲ್ಲಿ ಇನ್ನೊಂದು ಬಣ್ಣವಿತ್ತು. ಅದು ಕಚೇರಿಗೆ ಸಂಬಂಧಪಟ್ಟದ್ದಲ್ಲವಾದರೂ ತಮ್ಮ ಗಮನಕ್ಕೆ ತರುತ್ತೇನೆ. ನಮ್ಮ ಮನೆಯಲ್ಲಿ ವಾರಕ್ಕೊಂದು ಜಗಳ ಗ್ಯಾರಂಟಿ. ಜಗಳವಾದ ಮೇಲೆ ತಪ್ಪಾಯಿತು ಎಂದು ಹೇಳಬೇಕಲ್ಲ? ಕಿವಿ ಮಂದವಾದವರಿಗೆ ಅದನ್ನು ಕಿರುಚಿಯೇ ಹೇಳಬೇಕು. ಕಿರುಚಿ ಹೇಳಿದ "ತಪ್ಪಾಯ್ತು ಅತ್ತೆ" ಎಂಬುದು ಜಗಳದ ಮುಂದುವರಿದ ಭಾಗದ ಹಾಗೆಯೇ ಕೇಳಿಸುತ್ತದೆ. ಒಮ್ಮೆ ಹಾಗೆ ಮಾಡಿ ಇನ್ನೂ ಎರಡು ದಿನ ಮಾತು ಬಿಟ್ಟದ್ದೂ ಇದೆ. ಆದ್ದರಿಂದ ಅಂಥ ದಿನಗಳಲ್ಲಿ ನಲ್ಲಿಯ ಹತ್ತಿರ ಎರಡೂ ರೆಪ್ಪೆಗೆ ಗುಲಾಬಿ ಹಚ್ಚಿಕೊಂಡು, ಮೂರನೇ ಯಂತ್ರದ ಎದುರು ನಿಂತು ಕಣ್ಣು ಮುಚ್ಚುತ್ತಿದ್ದೆ. ಅವರು ಒದ್ದೆ ಹಾಸಿಗೆಬಟ್ಟೆಯ ತುದಿ ಹಿಡಿದು ಒಮ್ಮೆ ಪಟ್ ಎಂದು ಕೊಡವುತ್ತಿದ್ದರು. ಅಲ್ಲಿಗೆ ಕಡತ ಮುಕ್ತಾಯ.

5. ಹೀಗಿರುವಾಗ ತಾವು ಹಳೆಯ ಡಬ್ಬಿಯನ್ನು ನಿಲ್ಲಿಸಿದಿರಿ. ಅಂಗಡಿಯ ಹುಡುಗಿ ಫೋನಿನಲ್ಲಿ ಹೊಸ ಡಬ್ಬಿಯ ಬಣ್ಣಗಳ ಹೆಸರು ಓದಿ ಹೇಳಿದಳು. "ಕಾಡು" ಎಂದಳು, ಸರಿ, ಹಸಿರು ಸಿಕ್ಕಿತು ಎಂದುಕೊಂಡೆ. "ಸಾಗರ" ಎಂದಳು, ನೀಲಿಯೂ ಆಯಿತು. "ಸೂರ್ಯೋದಯ" ಎಂದಾಗ ಇನ್ನೇನು ಬೇಕು, ಕಳಿಸಮ್ಮ ಎಂದುಬಿಟ್ಟೆ. ಡಬ್ಬಿ ಬಂತು. ತೆರೆದೆ. ಕಾಡು ಕಂದು. ಸೂರ್ಯೋದಯ ಕಂದು. ಸಾಗರವೂ ಕಂದು, ಬಹುಶಃ ತಾವು ಸಾಗರವನ್ನು ನೆರೆ ಬಂದ ಮರುದಿನ ನೋಡಿರಬೇಕು. ಬಿಸ್ಕತ್ತು, ತೊಗಟೆ, ಮುಸ್ಸಂಜೆ ಇವುಗಳ ಮೇಲೆ ನನ್ನ ದೂರಿಲ್ಲ, ಅವು ಮೊದಲಿನಿಂದಲೂ ಪ್ರಾಮಾಣಿಕವಾಗಿ ಕಂದಾಗಿಯೇ ಇವೆ. ಆದರೆ ಹನ್ನೊಂದನೆಯ ಕಂದಿಗೆ ತಾವು "ನೆನಪು" ಎಂದು ಹೆಸರಿಟ್ಟಿದ್ದೀರಿ. ಯಾರ ನೆನಪು, ಏನಾಗಿತ್ತು ಅವರಿಗೆ ಎಂದು ಕೇಳಲು ಸಂಕೋಚವಾಗುತ್ತದೆ.

ಅಂಗಡಿಗೇ ಹೋದೆ. "ಅಕ್ಕಾ, ಈಗ ಎಲ್ಲಾ ಕಂಪನೀಲೂ ಇದೇ ನಡೀತಿರೋದು. ಎಲ್ಲರ ಮುಖಕ್ಕೂ ಹೊಂದತ್ತೆ," ಎಂದಳು ಹುಡುಗಿ.

"ಮುಖಕ್ಕೆ ಹೊಂದೋದು ಬೇಡಮ್ಮ. ಮೂವತ್ತು ಅಡಿ ದೂರಕ್ಕೆ ಕಾಣ್ಬೇಕು," ಎಂದೆ.

ಅವಳು ನನ್ನನ್ನು ಒಂದು ಕ್ಷಣ ನೋಡಿ ಒಳಗಿನಿಂದ ಮಾಲೀಕರನ್ನು ಕರೆದಳು. ಅವರು ಇನ್ನೂ ನಾಲ್ಕು ಕಂಪನಿಯ ಡಬ್ಬಿ ತೆರೆದು ತೋರಿಸಿದರು. ಎಲ್ಲವೂ ಚಹಾದ ಬೇರೆ ಬೇರೆ ಹದಗಳು. ತಮಗೆ ಪತ್ರ ಬರೆದೆ. ಸದರಿ ಬಣ್ಣಗಳು ನನ್ನ "ಸಹಜ ಸೌಂದರ್ಯವನ್ನು ಮೆಲ್ಲಗೆ ಎತ್ತಿ ತೋರಿಸುತ್ತವೆ" ಎಂದು ತಮ್ಮಿಂದ ಉತ್ತರ ಬಂತು, ಕೊನೆಯಲ್ಲಿ ಒಂದು ಹೃದಯದ ಚಿತ್ರ, ಅದೂ ಕಂದು. ನನ್ನ ಸೌಂದರ್ಯ ಹೇಗಾದರೂ ಇದ್ದುಕೊಳ್ಳಲಿ ಸ್ವಾಮಿ, ನನಗೆ ಎತ್ತಿ ತೋರಿಸಬೇಕಾಗಿರುವುದು ನೀರಿನ ಬಿಸಿ.

6. ಪರ್ಯಾಯಗಳನ್ನು ಪ್ರಯತ್ನಿಸಿಲ್ಲ ಎಂದು ತಾವು ಆಕ್ಷೇಪಿಸಬಾರದು. ಮಕ್ಕಳ ಚಿತ್ರದ ಬಣ್ಣ ಹಚ್ಚಿದೆ. ಕಣ್ಣು ಬಾತು ಎರಡು ದಿನ ರಜೆ. ತುಟಿಗೆ ಹಚ್ಚುವ ಕೆಂಪನ್ನು ರೆಪ್ಪೆಗೆ ಹಚ್ಚಿದೆ. ಕೆಂಪು ನಮ್ಮ ಪದ್ಧತಿಯಲ್ಲಿ ಇರಲಿಲ್ಲವಾದ್ದರಿಂದ ಎಲ್ಲರೂ ಅದನ್ನು ಬೆಂಕಿ ಎಂದು ತಿಳಿದು, ಯಂತ್ರ ನಿಲ್ಲಿಸಿ, ಶಿಸ್ತಾಗಿ ಸಾಲಾಗಿ ಅಂಗಳಕ್ಕೆ ಹೋಗಿ ನಿಂತರು. ನಾನೂ ಅವರ ಹಿಂದೆ ಓಡಿದೆ. ಬೆಂಕಿ ಎಲ್ಲಿ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತ ಹದಿನೇಳು ನಿಮಿಷ ನಿಂತೆವು.

7. ಕೊನೆಗೆ ಬೇರೆ ದಾರಿ ಕಾಣದೆ ತಮ್ಮ ಕಂದುಗಳಲ್ಲೇ ಸಂಸಾರ ಮಾಡಲು ನಿರ್ಧರಿಸಲಾಯಿತು. ತೊಗಟೆ ಎಂದರೆ ಹೋಟೆಲು, ಬಿಸ್ಕತ್ತು ಎಂದರೆ ಆಸ್ಪತ್ರೆ, ನೆನಪು ಎಂದರೆ ಪರದೆ. ಊಟದ ಕೋಣೆಯಲ್ಲಿ ಎಲ್ಲರಿಗೂ ಪಾಠ ಮಾಡಿದೆ, ಎಲ್ಲರೂ ತಲೆಯಾಡಿಸಿದರು. ಅತ್ತೆಯೊಬ್ಬರೇ, "ಇದು ಬೇಡ ಕಣೇ, ನಂಗೆ ಎಲ್ಲಾ ಮಣ್ಣೇ ಕಾಣತ್ತೆ," ಎಂದರು. "ಅಭ್ಯಾಸ ಆಗತ್ತೆ ಬಿಡಿ ಅತ್ತೆ," ಎಂದೆ. ಮಾನ್ಯರೇ, ಈ ಅರ್ಜಿಯಲ್ಲಿ ನನ್ನ ತಪ್ಪು ಎಂಬುದೊಂದಿದ್ದರೆ ಅದು ಈ ಮಾತು.

ಮರುದಿನವೇ ಹೋಟೆಲಿನ ಸಭಾಂಗಣದ ನಲವತ್ತೆರಡು ಪರದೆಗಳು ಮೂರನೇ ಯಂತ್ರದ ಪಾಲಿಗೆ ಬಂದವು. ನಾನು ನೆನಪು ಹಚ್ಚಿಕೊಂಡು ಕಣ್ಣು ಮುಚ್ಚಿದೆ. ಹಬೆಯಲ್ಲಿ ಅತ್ತೆಗೆ ಅದು ಬಿಸ್ಕತ್ತಾಗಿ ಕಂಡಿತು. ಪರದೆಗಳು ಕುದಿಯುವ ನೀರಿಗೆ ಹೋದವು. ನೆಲ ಮುಟ್ಟುತ್ತಿದ್ದ ಪರದೆಗಳು ಈಗ ಆ ಸಭಾಂಗಣದ ಕಿಟಕಿಗಳಿಗೆ ಚಡ್ಡಿ ಹಾಕಿದ ಹಾಗೆ ಇವೆ.

8. ವಿಚಾರಣೆ ನಡೆಯಿತು. ತಪ್ಪು ನನ್ನದು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಂದು ಹೆಜ್ಜೆ ಮುಂದೆ ಬಂದು, "ನಾನೇ ಸಾರ್ ಹಾಕಿದ್ದು. ಇವಳು ಸರಿಯಾಗೇ ಹೇಳಿದ್ಲು," ಎಂದರು. ಮ್ಯಾನೇಜರ್ ಸಾಹೇಬರು ಕಿಟಕಿಯ ಕಡೆ ತಿರುಗಿ, "ಎಷ್ಟು ದಿನದಿಂದ ಹೀಗಾಗ್ತಿದೆಯಮ್ಮ?" ಎಂದು ಕೇಳಿದರು. ಅತ್ತೆಗೆ ಅವರ ತುಟಿ ಕಾಣಲಿಲ್ಲ. ಏನೋ ಒಂದು ಕೇಳಿರಬೇಕೆಂದು ಊಹಿಸಿ, "ನಲವತ್ತೆರಡು ಸಾರ್, ಎಲ್ಲಾ ಒಂದೇ ಅಳತೆ," ಎಂದರು. ಅಷ್ಟು ವರ್ಷ ಮುಚ್ಚಿಟ್ಟದ್ದು ಒಂದೇ ಉತ್ತರದಲ್ಲಿ ಬಯಲಾಯಿತು. ನನಗೆ ಆಗ ಅಳು ಬಂತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅನಂತರ ನಾನು ರೆಪ್ಪೆಯ ಪದ್ಧತಿಯನ್ನೆಲ್ಲ ಬಿಚ್ಚಿ ಹೇಳಿದೆ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಅಂದ್ರೆ ಒಂಬತ್ತು ವರ್ಷದಿಂದ ನಿಮ್ಮ ಬಲಗಣ್ಣಲ್ಲಿ ಇದ್ದದ್ದು ನಾನಾ?"

"ಹೌದು ಸಾರ್."

"ನೇರಳೆ ವಾರಕ್ಕೆ ಎಷ್ಟು ಸಲ?"

"ನಾಲ್ಕು ಸಲ ಸಾರ್. ವರದಿ ಕಳಿಸೋ ವಾರ ಐದು."

ಅಂದಿನಿಂದ ಅವರು ಎಲ್ಲರನ್ನೂ ಬಹಳ ಮೃದುವಾಗಿ ಮಾತಾಡಿಸುತ್ತಿದ್ದಾರೆ. ಕಾರಣ, ನೇರಳೆ ಬಣ್ಣದ ಅಗತ್ಯ ಸದ್ಯಕ್ಕಿಲ್ಲ.

9. ಆದರೆ ಅವರು ಅತ್ತೆಯನ್ನು ಹಿಂದಿನ ಕೋಣೆಗೆ ಹಾಕಿದ್ದಾರೆ. ಅಲ್ಲಿ ಯಂತ್ರವಿಲ್ಲ, ಜೊತೆಗೆ ಯಾರೂ ಇಲ್ಲ. ಊಟದ ಮೇಜಿನ ಕೈವಸ್ತ್ರಗಳನ್ನು ನಾಲ್ಕು ಮಡಿಕೆ ಮಾಡಿ ಇಡುವುದೇ ಕೆಲಸ. ಇಪ್ಪತ್ತೇಳು ವರ್ಷ ಒದ್ದೆ ಬಟ್ಟೆಯ ಮಣಭಾರ ಎತ್ತಿದ ಕೈಗೆ ಕೈವಸ್ತ್ರ! ಹನ್ನೊಂದು ದಿನದಿಂದ ನಾನು ಗಾಡಿ ತಳ್ಳಿಕೊಂಡು ಆ ಬಾಗಿಲ ಮುಂದೆ ಹೋಗುತ್ತೇನೆ. ಅವರು ಒಂದು ರಾಶಿ ಮುಗಿಸಿ ಸುಮ್ಮನೆ ಗೋಡೆ ನೋಡುತ್ತ ಕೂತಿರುತ್ತಾರೆ. ನನಗೆ ಅದನ್ನು ನೋಡಲಾಗುವುದಿಲ್ಲ.

ಸಾಹೇಬರು ನ್ಯಾಯವಂತರು. "ಬಣ್ಣ ನೋಡಿ ಮಾಡ್ತಾರೆ ಅಂತೀರಲ್ಲ, ಸೋಮವಾರ ಮಾಡಿ ತೋರಿಸಿ," ಎಂದಿದ್ದಾರೆ. ಮೂರು ಗಾಡಿ ಬಟ್ಟೆ, ಮೂರು ಬಗೆ. ಮೂರೂ ಸರಿಯಾದರೆ ಮೂರನೇ ಯಂತ್ರ ವಾಪಸ್. ಒಂದು ತಪ್ಪಿದರೂ ಕೈವಸ್ತ್ರವೇ ಕಾಯಂ. ಇಂದು ಬುಧವಾರ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ತಮ್ಮ ಗೋದಾಮಿನ ಯಾವುದಾದರೂ ಮೂಲೆಯಲ್ಲಿ ಉಳಿದಿರಬಹುದಾದ ಹಳೆಯ ಹಸಿರು, ನೀಲಿ, ಹಳದಿಗಳನ್ನು, ಉಗುರಿನಷ್ಟಾದರೂ ಸರಿ, ಸೋಮವಾರದೊಳಗೆ ತಲುಪಿಸಬೇಕಾಗಿ ಕೋರುತ್ತೇನೆ. ಮುಂದೆ ಹೊಸ ಡಬ್ಬಿ ಮಾಡುವಾಗ ಹನ್ನೆರಡರಲ್ಲಿ ಎಂಟು ಕಂದು ಇಟ್ಟುಕೊಳ್ಳಲು ನನ್ನ ಅಭ್ಯಂತರವಿಲ್ಲ. ಕಾಡು ಎಂದು ಬರೆದ ಕಡೆ ಕಾಡು ಇರಲಿ, ಅಷ್ಟೇ.

ಉತ್ತರ ಬರುವವರೆಗೂ ಬಾಗಿಲು ನೋಡುತ್ತಿರುವ,
ತಮ್ಮ ವಿಶ್ವಾಸಿ,
ಮೇಲ್ವಿಚಾರಕಿ (ಮೂರನೇ ಯಂತ್ರದವರ ಸೊಸೆ)

ಲಗತ್ತುಗಳು:

1) ತಮ್ಮ ಹೊಸ ಡಬ್ಬಿ. ಹನ್ನೆರಡರಲ್ಲಿ "ಸಾಗರ" ಯಾವುದು ಎಂದು ಹೆಸರು ನೋಡದೆ ಗುರುತಿಸಿ ತೋರಿಸಲು.

2) ಕುದಿಯುವಾಗ ಕುಗ್ಗಿ ಹರಿದ ಒಂದು ಪರದೆಯ ತುಂಡು, ಈಗ ಕೈವಸ್ತ್ರವಾಗಿರುವುದು. ಮಡಿಕೆ ಅತ್ತೆಯವರದ್ದು.

3) ಹಳೆಯ ಡಬ್ಬಿ: ಲಗತ್ತಿಸಿಲ್ಲ. ಹದಿನೈದು ಬಟ್ಟಲು ಖಾಲಿ, ಗುಲಾಬಿಯ ಅಂಚಿನಲ್ಲಿ ಮಾತ್ರ ಒಂದು ಸಲಕ್ಕಾಗುವಷ್ಟು ಉಳಿದಿದೆ. ಪರದೆಯ ವಿಷಯವಾಗಿ ನಾನು ಅತ್ತೆಗೆ ಹೇಳಬೇಕಾದದ್ದು ಇನ್ನೂ ಹೇಳಿಲ್ಲವಾದ್ದರಿಂದ ಇಂದು ಬೆಳಿಗ್ಗೆ ಅದನ್ನು ಹೇರ್‌ಪಿನ್ನಿನಿಂದ ಕೆರೆಯುತ್ತ ಕೂತಿದ್ದೆ. ಅತ್ತೆ ಬಂದು ಡಬ್ಬಿ ಕಿತ್ತುಕೊಂಡು ಸೀರೆಯ ಮಡಿಕೆಯ ಕೆಳಗೆ ಬಚ್ಚಿಟ್ಟರು. "ಗೊತ್ತಾಯ್ತು ಬಿಡು. ಇದಕ್ಕೆಲ್ಲ ಯಾಕೆ ಖರ್ಚು ಮಾಡ್ತೀಯ? ಮುಂದಿನ ಜಗಳಕ್ಕಿರ್ಲಿ," ಎಂದು ಕೈಯಲ್ಲಿದ್ದ ಒದ್ದೆ ಟವೆಲನ್ನು ಒಮ್ಮೆ ಪಟ್ ಎಂದು ಕೊಡವಿದರು.

ವಿಶೇಷ ಸೂಚನೆ: ಈ ಕಾರಣದಿಂದ ಹಸಿರು, ನೀಲಿ, ಹಳದಿ ಮಾತ್ರ ತುರ್ತು. ಗುಲಾಬಿಗೆ ಅವಸರವಿಲ್ಲ. ಆದರೆ ಸೋಮವಾರ ಅತ್ತೆ ಗೆದ್ದು ಮೂರನೇ ಯಂತ್ರಕ್ಕೆ ವಾಪಸ್ ಬಂದರೆ ಮಂಗಳವಾರದಿಂದಲೇ ಜಗಳ ಶುರುವಾಗುವುದರಿಂದ, ಅದನ್ನೂ ಆದಷ್ಟು ಬೇಗ, ದೊಡ್ಡ ಡಬ್ಬಿಯಲ್ಲೇ ಕಳಿಸಿಕೊಡಬೇಕಾಗಿ ವಿನಂತಿ.